ಆಷಾಢದ ಕೆಸರಿನಲ್ಲಿ ಓಡುವ ಪಾದ

ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಆಷಾಢದ ಮುಂಜಾನೆ ಓಡಲು ಹೊರಟವನಿಗೆ, ಪಾದವನ್ನು ಒದ್ದೆಯಾಗದಂತೆ ಉಳಿಸಿಕೊಳ್ಳುವ ಆಸೆಯು ಮೊದಲನೆಯ ಹಳ್ಳದಲ್ಲಿಯೇ ಕೊಚ್ಚಿಹೋಗುತ್ತದೆ. ಗದ್ದೆಯ ಅಂಚು, ತೋಟದ ಬೇಲಿಯ ಬದಿ, ಜಂಬಿಟ್ಟಿಗೆಯ ಕಾಲುದಾರಿ, ಎಲ್ಲಿ ನೋಡಿದರೂ ನೀರೇ. ಹೀಗಿದ್ದರೂ ಬೂಟು ಕೊಳ್ಳಲು ಅಂಗಡಿಗೆ ಹೋದಾಗ ನಾವು ಮೊದಲು ಕೇಳುವುದು, ಇದರೊಳಗೆ ನೀರು ಹೋಗುವುದಿಲ್ಲವಷ್ಟೆ, ಎಂದು. ಹಲವು ಮಳೆಗಾಲಗಳನ್ನು ಇಂತಹ ದಾರಿಗಳಲ್ಲಿ ಓಡಿ ಕಳೆದ ಮೇಲೆ ನನಗೆ ನಿಶ್ಚಯವಾಗಿರುವುದೇನೆಂದರೆ, ಒಳಹೊಕ್ಕ ನೀರು ಎಷ್ಟು ಬೇಗ ಹೊರಬೀಳುವುದು, ನೆನೆದ ಚರ್ಮವು ಯಾವುದಕ್ಕೆ ಅಂಟಿಕೊಂಡು ಎಳೆದಾಡುವುದು ಎಂಬ ಎರಡನ್ನೇ ನಾವು ವಿಚಾರಿಸಬೇಕು.

ನಮ್ಮ ಅಂಗಾಲಿನ ರಚನೆ ವಿಲಕ್ಷಣವಾದುದು. ದೇಹದ ಬಹುಭಾಗದ ಚರ್ಮದಲ್ಲಿ ಜಿಡ್ಡನ್ನು ಸ್ರವಿಸುವ ಗ್ರಂಥಿಗಳಿವೆ. ಅಂಗೈ ಅಂಗಾಲುಗಳಲ್ಲಿ ಅವು ಇಲ್ಲವೇ ಇಲ್ಲ. ಬೆವರಿನ ಗ್ರಂಥಿಗಳಾದರೋ ಅಲ್ಲಿ ಅತ್ಯಂತ ದಟ್ಟವಾಗಿ ನೆಲೆಸಿವೆ. ಮೇಲಿನ ಗಟ್ಟಿ ಪದರವು ಕೆರಾಟಿನ್ ಎಂಬ ಪ್ರೋಟೀನು ತುಂಬಿದ ನಿರ್ಜೀವ ಕೋಶಗಳ ಹಾಸು. ಅದು ನೀರನ್ನು ಹೀರಿ ಉಬ್ಬುತ್ತದೆ, ಬೆಳ್ಳಗಾಗುತ್ತದೆ, ತನ್ನ ಬಿಗಿಯನ್ನು ಕಳೆದುಕೊಳ್ಳುತ್ತದೆ. ನಾಟಿಗೆ ಇಳಿಯುವ ಮುನ್ನ ಬೆರಳ ಸಂದಿಗಳಿಗೆ ಎಣ್ಣೆ ಸವರಿಕೊಳ್ಳುವ ಹೆಣ್ಣುಮಕ್ಕಳು ಪ್ರಕೃತಿಯು ಅಂಗಾಲಿಗೆ ಕೊಡದೆ ಹೋದ ಜಿಡ್ಡನ್ನು ತಾವಾಗಿ ಒದಗಿಸಿಕೊಳ್ಳುತ್ತಾರೆ. ಓಡುವವನಿಗೂ ಈ ಉಪಾಯ ಸಲ್ಲುವುದು; ಆದರೆ ಓಟದ ತಿಕ್ಕಾಟದಲ್ಲಿ ಎಣ್ಣೆ ಬೇಗನೆ ಅಳಿಸಿಹೋಗುವುದರಿಂದ ಅದೊಂದನ್ನೇ ನೆಚ್ಚಿ ದೂರ ಹೋಗುವುದು ಕ್ಷೇಮವಲ್ಲ.

ಬೊಕ್ಕೆ ಏಳುವುದು ಚರ್ಮ ಸವೆದು ಎಂಬುದು ಬಹುಜನರ ಭಾವನೆ. ನಿಜಸ್ಥಿತಿ ಬೇರೆ. ಎಡಗೈಯ ಹಿಂಬದಿಯ ಮೇಲೆ ಬಲಗೈಯ ತೋರುಬೆರಳನ್ನು ಒತ್ತಿ, ಬೆರಳು ಜಾರದಂತೆ ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡಿ: ಚರ್ಮ ಬೆರಳಿನೊಡನೆ ಚಲಿಸುವುದು, ಒಳಗಿನ ಮೂಳೆ ಇದ್ದಲ್ಲಿಯೇ ಇರುವುದು, ನಡುವಣ ಮೃದುಭಾಗ ಎರಡು ಕಡೆಗೂ ಜಗ್ಗಲ್ಪಡುವುದು. ಬೂಟಿನೊಳಗೆ ನಡೆಯುವುದು ಇದೇ ಎಳೆದಾಟ, ಹೆಜ್ಜೆಗೊಂದರಂತೆ, ಸಾವಿರಾರು ಸಲ. ಕಡೆಗೆ ಚರ್ಮದೊಳಗಿನ ಜೀವಕೋಶಗಳ ಒಂದು ಪದರ ಹರಿದು, ಆ ಬಿರುಕಿನಲ್ಲಿ ದ್ರವ ತುಂಬಿಕೊಳ್ಳುತ್ತದೆ. ಬ್ರಿಟನ್ನಿನ ಚರ್ಮವಿಜ್ಞಾನಿ ನೇಲರ್ 1955ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕಂಡುಬಂದಂತೆ, ಪೂರ್ತಿ ಒಣಗಿದ ಚರ್ಮದ ಮೇಲೆ ಘರ್ಷಣೆ ಕಡಮೆ. ನೀರು ತೊಟ್ಟಿಕ್ಕುವಷ್ಟು ತೊಯ್ದ ಚರ್ಮದ ಮೇಲೂ ಕಡಮೆ. ಇವೆರಡರ ನಡುವಿನ ಹಸಿಹಸಿಯಾದ ಸ್ಥಿತಿಯಲ್ಲಿಯೇ ಅದು ಹೆಚ್ಚು. ಆದುದರಿಂದ ಹಳ್ಳ ದಾಟುವಾಗ ಪಾದಕ್ಕೆ ಅಷ್ಟು ಅಪಾಯವಿಲ್ಲ. ದಾಟಿದ ಮೇಲೆ, ನೀರು ಇಳಿದೂ ತೇವ ಆರದೆ ಉಳಿಯುವ ಹೊತ್ತಿನಲ್ಲಿಯೇ ಅಪಾಯವಿರುವುದು.

ಈ ಹೊತ್ತಿನಲ್ಲಿ ಪಾದವನ್ನು ಕಾಯತಕ್ಕದ್ದು ಕಾಲುಚೀಲ. ಹತ್ತಿಯ ಕಾಲುಚೀಲವನ್ನು ನಾನು ಖಂಡಿತವಾಗಿ ನಿರಾಕರಿಸುತ್ತೇನೆ. ಸಾಧಾರಣ ಹವೆಯಲ್ಲಿಯೇ ಹತ್ತಿಯ ಎಳೆ ತನ್ನ ತೂಕದ ಶೇಕಡ 8ರಷ್ಟು ತೇವವನ್ನು ಒಳಗಿಟ್ಟುಕೊಂಡಿರುತ್ತದೆ. ನೆನೆದಾಗ ಅದು ಉಬ್ಬಿ, ಬಟ್ಟೆ ಜೋತು, ಹಿಮ್ಮಡಿಯ ಕೆಳಗೆ ಮಡಿಕೆ ಬೀಳುತ್ತದೆ. ಒಂದು ಗಂಟೆ ಓಡಿ ಬಂದು ಅದನ್ನು ಸುಲಿದು ತೆಗೆದರೆ, ಸುಣ್ಣದಂತೆ ಬಿಳುಪೇರಿದ ಹಿಮ್ಮಡಿಯ ಮೇಲೆ ಹೆಣಿಗೆಯ ಒಂದೊಂದು ಸಾಲೂ ಅಚ್ಚೊತ್ತಿರುವುದನ್ನು ಕಾಣಬಹುದು. ಪಾಲಿಯೆಸ್ಟರ್ ಎಳೆ ಒಳಗೆ ಹೀರುವುದು ಶೇಕಡ ಅರ್ಧಕ್ಕಿಂತಲೂ ಕಡಮೆ. ಎಳೆಗಳ ನಡುವಣ ಸಣ್ಣ ಸಂದುಗಳ ಮೂಲಕ ನೀರು ಹೊರಗೆ ಹರಿದು ಬೇಗ ಆರುತ್ತದೆ. ಉಣ್ಣೆಯ ಗುಣ ಇವೆರಡಕ್ಕಿಂತ ಸೂಕ್ಷ್ಮ. ಅದರ ಎಳೆಯ ಹೊರಮೈ ನೀರಿನ ಹನಿಯನ್ನು ದೂರವಿಡುವುದು, ಒಳಮೈಯಾದರೋ ಆವಿಯನ್ನು ಬರಮಾಡಿಕೊಳ್ಳುವುದು. ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿದರೂ ಮುಟ್ಟಿದವರಿಗೆ ಒದ್ದೆಯೆನಿಸದು. ಹೀರುವಾಗ ಕೊಂಚ ಶಾಖವನ್ನೂ ಬಿಡುತ್ತದೆ. ಕಂಬಳಿಕೊಪ್ಪೆ ಹೊದ್ದು ಮಳೆಯಲ್ಲಿ ಹೊಲ ಗದ್ದೆಗಳ ಕೆಲಸ ನಡೆಸಿದ ನಮ್ಮ ಹಿರಿಯರಿಗೆ ಈ ಗುಣ ಅನುಭವದಿಂದ ತಿಳಿದಿತ್ತು. ನಮ್ಮ ದಖನಿ ಕುರಿಯ ಉಣ್ಣೆ ಕಂಬಳಿಗೆ ಒಳ್ಳೆಯದಾದರೂ ಎಳೆ ದಪ್ಪವಾದುದರಿಂದ ಚರ್ಮಕ್ಕೆ ಚುಚ್ಚುವುದು. ಕಾಲುಚೀಲಕ್ಕೆ ನವುರಾದ ಮೆರಿನೊ ಬೇಕು, ಸವೆಯದಿರಲು ಅದಕ್ಕೆ ಒಂದಿಷ್ಟು ನೈಲಾನ್ ಬೆರೆತಿರಬೇಕು. ಬೆಲೆ ಹೆಚ್ಚು, ನಿಜ. ಬೂಟಿನ ಹಣದಲ್ಲಿ ಉಳಿಸಿಯಾದರೂ ಇದಕ್ಕೆ ವೆಚ್ಚಮಾಡಿರೆಂದು ಹೇಳುತ್ತೇನೆ. ಚೀಲ ತೆಳ್ಳಗಿರಲಿ, ಕಾಲಿಗೆ ಕಚ್ಚಿ ಕೂಡಲಿ, ಮರಳು ಒಳಬೀಳದಂತೆ ಗಿಣ್ಣಿನ ಮೇಲಕ್ಕೆ ಏರಲಿ. ತೆಳ್ಳನೆಯ ಎರಡು ಚೀಲಗಳನ್ನು ಒಂದರ ಮೇಲೊಂದು ತೊಡುವ ಕ್ರಮವೂ ಉಂಟು. ಆಗ ಜಾರುವುದು ಚೀಲದ ಮೇಲೆ ಚೀಲವಾದುದರಿಂದ ಚರ್ಮ ಜಗ್ಗಾಟದಿಂದ ಪಾರಾಗುವುದು.

ನೀರೊಳಗೊಳ್ಳದ ಬೂಟಿನ ವಿಷಯಕ್ಕೆ ಬಂದರೆ, ನಾನು ಅಂತಹದೊಂದನ್ನು ಆಸೆಪಟ್ಟು ಕೊಂಡು, ಮೊದಲನೆಯ ದಿನವೇ ಮೊಣಕಾಲುದ್ದದ ಹಳ್ಳದಲ್ಲಿ ಇಳಿದೆ. ಮೇಲುಬಾಯಿಂದ ನುಗ್ಗಿದ ನೀರಿಗೆ ಹೊರಹೋಗಲು ದಾರಿಯಿರಲಿಲ್ಲ. ಮನೆ ಸೇರುವವರೆಗೂ ಎರಡು ಚೆಂಬು ಹೊತ್ತು ಓಡಿದಂತಾಯಿತು. ಆ ಬೂಟಿನ ಒಳಪೊರೆಯಲ್ಲಿರುವ ರಂಧ್ರಗಳು ನೀರಿನ ಹನಿಗೆ ಕಿರಿದು, ಆವಿಯ ಅಣುವಿಗೆ ಹಿರಿದು. ಒಳಗಿನ ಆವಿ ಹೊರಬರಬೇಕಾದರೆ ಹೊರಗಿನ ಗಾಳಿಯಲ್ಲಿ ಆವಿ ಕಡಮೆಯಿರಬೇಕು. ತೇವದಿಂದ ತುಂಬಿತುಳುಕುವ ಮಲೆನಾಡಿನ ಶ್ರಾವಣದಲ್ಲಿ ಆ ಕಾರ್ಯ ಬಹುಮಟ್ಟಿಗೆ ಸ್ತಬ್ಧವಾಗುವುದು. ಬಲೆಯಂತೆ ನೇಯ್ದ ಮೇಲುಭಾಗವುಳ್ಳ ಹಗುರ ಬೂಟಿನಲ್ಲಿ ಹಳ್ಳದಾಚೆಯ ಹತ್ತಾರು ಹೆಜ್ಜೆಗಳಲ್ಲಿಯೇ ಬಹುಪಾಲು ನೀರು ಹಿಂಡಿಹೋಗುತ್ತದೆ.

ಇನ್ನು ಅಟ್ಟೆ. ಗದ್ದೆ ಉಳುವ ಟಿಲ್ಲರಿಗೆ ರಬ್ಬರು ಚಕ್ರ ಕಳಚಿ ಕಬ್ಬಿಣದ ಕೇಜ್‌ವೀಲ್ ಹಾಕುವುದನ್ನು ನೋಡಿದವರಿಗೆ ಇದರ ತತ್ತ್ವ ಸುಲಭವಾಗಿ ತಿಳಿಯುವುದು: ಪಟ್ಟಿಗಳು ಕೆಸರನ್ನು ಸೀಳಿ ಅಡಿಯ ಗಟ್ಟಿನೆಲವನ್ನು ಹಿಡಿಯಬೇಕು, ಅವುಗಳ ನಡುವೆ ಕೆಸರು ಉದುರಿಹೋಗುವಷ್ಟು ತೆರಪಿರಬೇಕು. ಅಟ್ಟೆಯ ಹಲ್ಲುಗಳೂ ಹಾಗೆಯೇ, 6ರಿಂದ 8 ಮಿಲಿಮೀಟರು ಉದ್ದವಾಗಿ, ವಿರಳವಾಗಿರಬೇಕು. ಆದರೆ ಹಾವಸೆ ಹಿಡಿದ ಬಂಡೆಯ ಮೇಲೆ ಇದೇ ಹಲ್ಲುಗಳು ವೈರಿಗಳಾಗುತ್ತವೆ. ಅಲ್ಲಿ ಬೇಕಾದುದು ನೆಲಕ್ಕೆ ಹೆಚ್ಚು ತಾಗುವ ಮೆದು ರಬ್ಬರು. ಎರಡೂ ಬರುವ ದಾರಿಯಲ್ಲಿ ನಾನು 4 ಮಿಲಿಮೀಟರಿನ ಹಲ್ಲನ್ನೇ ಆರಿಸಿ, ಬಂಡೆ ಕಂಡಲ್ಲಿ ನಡೆಯುತ್ತೇನೆ. ಗದಗ, ವಿಜಯಪುರಗಳ ಎರೆಮಣ್ಣಿನ ಕಥೆಯೇ ಬೇರೆ: ಅದರ ಜೇಡಿಯ ಹಾಳೆಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬಿ ಅಂಟಾಗುವುದರಿಂದ, ಹತ್ತು ಹೆಜ್ಜೆಗೆ ಬೂಟು ಸೇರುಭಾರವಾಗುವುದು, ಯಾವ ಹಲ್ಲೂ ಅಲ್ಲಿ ಪೂರ್ತಿ ಗೆಲ್ಲದು, ಹುಲ್ಲಿನ ಬದುವನ್ನು ಹಿಡಿದು ಓಡುವುದೇ ಲೇಸು. ಕರಾವಳಿಯ ಕಂಬಳದ ಓಟಗಾರರು ಬರಿಗಾಲಿನಲ್ಲಿ ಓಡುವರಲ್ಲ ಎಂದು ಕೇಳಬಹುದು. ಅವರು ಓಡುವ ಕರೆಯೆಂಬ ಅಂಕಣ ಹದಮಾಡಿದ ಕೆಸರು, ಓಟ ಕೆಲವೇ ಕ್ಷಣಗಳದು, ಬೆರಳುಗಳೇ ಅಲ್ಲಿ ಹಲ್ಲುಗಳು. ಮುಳ್ಳು, ಗಾಜಿನ ಚೂರುಗಳಿರುವ ನಮ್ಮ ದಾರಿಗೆ ಆ ನಿದರ್ಶನ ಹೊಂದದು.

ಮನೆಗೆ ಬಂದೊಡನೆ ಪಾದ ತೊಳೆದು, ಬೆರಳ ಸಂದಿಗಳನ್ನು ಒರಸಿ, ಬಿರುಕುಗಳನ್ನು ಪರೀಕ್ಷಿಸಬೇಕು; ಇಲಿಜ್ವರದ ರೋಗಾಣು ನಿಂತ ನೀರಿನಿಂದ ಇಂತಹ ಬಿರುಕುಗಳ ಮೂಲಕವೇ ಮೈಯನ್ನು ಹೊಗುವುದುಂಟು. ಬೂಟನ್ನು ಬಚ್ಚಲೊಲೆಯ ಪಕ್ಕದಲ್ಲಿಟ್ಟರೆ ಅಂಟು ಬಿಡುವುದು. ಹಳೆಯ ವೃತ್ತಪತ್ರಿಕೆಯನ್ನು ಮುದ್ದೆಮಾಡಿ ಒಳಗೆ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿದರೆ ಸಾಕು. ಕಾಲುಚೀಲವನ್ನು ಒಳಮೈ ಹೊರಗೆ ತಿರುವಿ ಬೋಗುಣಿಯಲ್ಲಿ ಒಗೆಯಿರಿ. ಮೊದಲ ಎರಡು ನೀರು ಕೆಂಪಾಗಿ ಬರುವುವು. ಮೂರನೆಯದು ತಿಳಿಯಾದ ಮೇಲೆಯೂ ಬೋಗುಣಿಯ ತಳದಲ್ಲಿ, ಬೆರಳಿನಿಂದ ಮುಟ್ಟಿದರೆ ಗರಗರ ಎನ್ನುವ ಒಂದು ಚಿಟಿಕೆ ನುಣ್ಣನೆಯ ಮರಳು ಉಳಿದಿರುತ್ತದೆ.