ಮಾರ್ಜಾಲದ ಕರುಳೂ ಟಾಕ್ಸೊಪ್ಲಾಸ್ಮವೂ

ಸಾಕಿದ ಬೆಕ್ಕಿನ ಕರುಳಿನಲ್ಲಿ ದುಂಡುಹುಳು, ಕೊಕ್ಕೆಹುಳು, ಲಾಡಿಹುಳುಗಳು ನೆಲೆಸುವುವೆಂಬುದು ಎಲ್ಲರೂ ಬಲ್ಲ ಸಂಗತಿ. ಅವು ಬಹುಮಟ್ಟಿಗೆ ಔಷಧಕ್ಕೆ ಬಗ್ಗುವಂಥವು. ನಾವು ಇಲ್ಲಿ ವಿಚಾರಿಸಲಿರುವುದು ಬರಿಯ ಕಣ್ಣಿಗೆ ಕಾಣದ ಏಕಕೋಶಜೀವಿಯೊಂದನ್ನು. ಅದರ ಹೆಸರು ಟಾಕ್ಸೊಪ್ಲಾಸ್ಮ ಗೊಂಡಿಯೈ. ಗರ್ಭಿಣಿಯಿರುವ ಮನೆಯಿಂದ ಬೆಕ್ಕನ್ನು ಅಟ್ಟಬೇಕೆಂಬ ಮಾತು ಈ ಜೀವಿಯ ಹೆಸರಿನಲ್ಲಿ ಹಬ್ಬಿದೆ. ಆ ಮಾತಿನಲ್ಲಿ ಹುರುಳೆಷ್ಟೆಂಬುದು ಇದರ ಜೀವನಚಕ್ರವನ್ನು ಅರಿತಲ್ಲದೆ ತಿಳಿಯದು.

1908ರಲ್ಲಿ ಟ್ಯೂನಿಸ್ ನಗರದಲ್ಲಿ ನಿಕೋಲ್ ಮತ್ತು ಮಾಂಸೋ ಎಂಬವರು ಇದನ್ನು 'ಗುಂಡಿ' ಎಂಬ, ಇಲಿಯ ಬಳಗದ ಪ್ರಾಣಿಯಲ್ಲಿ ಕಂಡರು. (ಹೆಸರಿಡುವಾಗ ಗುಂಡಿ ಗೊಂಡಿಯಾಯಿತು.) ಅದೇ ವರ್ಷ ಬ್ರೆಜಿಲಿನಲ್ಲಿ ಸ್ಪ್ಲೆಂಡೋರೆ ಮೊಲದಲ್ಲಿಯೂ ಕಂಡನು. ಮುಂದೆ ಹಸುಗೂಸುಗಳ ಮೆದುಳು, ಕಣ್ಣುಗಳಿಗೆ ಇದರಿಂದ ಹಾನಿಯಾಗುವುದೆಂದು ತಿಳಿದುಬಂದಿತು. ಆದರೆ ಸೋಂಕು ಹರಡುವ ದಾರಿ ಮಾತ್ರ ಬಹುಕಾಲ ಅಗೋಚರವಾಗಿತ್ತು. ಬೇಯದ ಮಾಂಸದಿಂದ ಬರುವುದೆಂದರೆ, ಸಸ್ಯಾಹಾರಿಗಳಿಗೆ ಬಂದುದು ಹೇಗೆ? 1959ರಲ್ಲಿ ಪ್ರಕಟವಾದ ಮುಂಬಯಿಯ ಸಮೀಕ್ಷೆಯೊಂದರಲ್ಲಿ ಸಸ್ಯಾಹಾರಿಗಳ ರಕ್ತದಲ್ಲಿಯೂ ಈ ಸೋಂಕಿನ ಗುರುತು ಸಿಕ್ಕಿದ್ದಿತು.

ಗ್ಲಾಸ್ಗೋದ ಹಚಿಸನ್ ಸೋಂಕಿದ ಇಲಿಗಳನ್ನು ಬೆಕ್ಕಿಗೆ ತಿನ್ನಿಸಿ, ಅದರ ಮಲದ ಅಂಶವನ್ನು ವರ್ಷಕಾಲ ನೀರಿನಲ್ಲಿಟ್ಟು ಬೇರೆ ಇಲಿಗಳಿಗೆ ಉಣಿಸಿದನು. ಅವಕ್ಕೂ ಸೋಂಕು ತಗುಲಿತು. ಆ ಬೆಕ್ಕಿನಲ್ಲಿ ದುಂಡುಹುಳುಗಳಿದ್ದುವು. ಹುಳುವಿನ ಮೊಟ್ಟೆಯೊಳಗೆ ಅಡಗಿ ಟಾಕ್ಸೊಪ್ಲಾಸ್ಮ ಸಾಗುತ್ತಿರಬೇಕೆಂದು ಅವನು 1965ರಲ್ಲಿ ಊಹಿಸಿದನು. ಈ ಊಹೆ ಅಸಂಬದ್ಧವೇನಲ್ಲ. ಟರ್ಕಿ ಕೋಳಿಗಳ ಒಂದು ರೋಗಾಣು ಹುಳುವಿನ ಮೊಟ್ಟೆಯಲ್ಲಿಯೇ ಸಾಗುವುದು. ಆದರೆ ಹುಳುವಿಲ್ಲದ ಬೆಕ್ಕುಗಳ ಮಲದಿಂದಲೂ ಸೋಂಕು ಹರಡಿತು. ಮೊಟ್ಟೆಯ ವಾದ ಬಿದ್ದುಹೋಯಿತು. 1970ರಲ್ಲಿ ಸ್ವತಃ ಹಚಿಸನ್ನನ ತಂಡವೂ, ಭಾರತಸಂಜಾತನಾದ ದುಬೆಯೊಡನೆ ಫ್ರೆಂಕೆಲ್, ಮಿಲ್ಲರ್ ಇವರೂ ನಿಜವನ್ನು ಹೊರಗೆಡಹಿದರು: ಟಾಕ್ಸೊಪ್ಲಾಸ್ಮವು ಕಾಕ್ಸಿಡಿಯ ವರ್ಗದ ಕರುಳಿನ ಪರೋಪಜೀವಿ, ಅದರ ಲೈಂಗಿಕ ಸಂತಾನೋತ್ಪತ್ತಿ ನಡೆಯುವುದು ಮಾರ್ಜಾಲಕುಲದ ಕರುಳಿನಲ್ಲಿ ಮಾತ್ರ. ಅಲ್ಲಿ ಹುಟ್ಟಿ ಮಲದೊಡನೆ ಹೊರಬೀಳುವ ಊಸಿಸ್ಟ್ ಎಂಬ ಕೋಶ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ಮಾತ್ರ ಇರುವುದು.

ಇನ್ನು ಭಯದ ವಿಚಾರ. ಸೋಂಕಿದ ಇಲಿಯನ್ನು ತಿಂದ ಬೆಕ್ಕು ಸಾಮಾನ್ಯವಾಗಿ ಒಂದೆರಡು ವಾರ ಮಾತ್ರ ಊಸಿಸ್ಟ್‌ಗಳನ್ನು ಹೊರಹಾಕುವುದು. ಆ ಅವಧಿಯಲ್ಲಿ ಅವುಗಳ ಸಂಖ್ಯೆ ಲಕ್ಷಗಟ್ಟಲೆ, ಕೋಟಿಗಟ್ಟಲೆ. ಬಳಿಕ ಪ್ರತಿರಕ್ಷೆ ಬೆಳೆದು, ಮರಳಿ ಹೊರಹಾಕುವುದು ವಿರಳ. ಮೇಲಾಗಿ ಆಗತಾನೇ ಬಿದ್ದ ಊಸಿಸ್ಟ್ ಸೋಂಕನ್ನು ತಗುಲಿಸದು. ಗಾಳಿ, ಉಷ್ಣತೆಗಳಿಗೆ ಅನುಸಾರವಾಗಿ ಅದು ಪಕ್ವವಾಗಲು 1ರಿಂದ 5 ದಿನಗಳು ಬೇಕು. ಆದುದರಿಂದ ಬೆಕ್ಕಿನ ಮಲವನ್ನು ಪ್ರತಿದಿನವೂ, ಗರ್ಭಿಣಿಯಲ್ಲದ ಬೇರೊಬ್ಬರು ತೆಗೆದು, ತಟ್ಟೆಯನ್ನು ಕುದಿನೀರಿನಿಂದ ತೊಳೆದರೆ ಅಪಾಯ ಬಹಳಮಟ್ಟಿಗೆ ತಪ್ಪುವುದು. ಸಾಧಾರಣ ಕ್ರಿಮಿನಾಶಕಗಳಿಗೆ ಊಸಿಸ್ಟ್ ಜಗ್ಗದು. ಬೆಕ್ಕಿಗೆ ಹಸಿಮಾಂಸ ಹಾಕದಿರುವುದೂ, ಇಲಿ ಬೇಟೆಗೆ ಬಿಡದಿರುವುದೂ ಲೇಸು. ಎರಡನೆಯದು ನಮ್ಮ ಮನೆಗಳಲ್ಲಿ ಸುಲಭವಲ್ಲ, ಬೆಕ್ಕನ್ನು ಸಾಕುವುದೇ ಅದಕ್ಕಾಗಿ!

ಗರ್ಭಧಾರಣೆಯ ಕಾಲದಲ್ಲಿ ಮೊದಲ ಬಾರಿಗೆ ಸೋಂಕು ತಗುಲಿದರೆ ಭ್ರೂಣಕ್ಕೆ ಕೇಡುಂಟೆಂಬುದು ನಿಜ. ಆದರೆ ಬೆಕ್ಕನ್ನು ಅಟ್ಟಿದ ಮಾತ್ರಕ್ಕೆ ಮನೆ ನಿರಪಾಯವಾಗದು. ತೇವದ ಮಣ್ಣಿನಲ್ಲಿ ಊಸಿಸ್ಟ್ ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲುದು. ಎಂದೋ ಯಾವುದೋ ಬೆಕ್ಕು ಕೆದಕಿ ಮುಚ್ಚಿದ ಪಾತಿಯ ಸೊಪ್ಪು ತೊಳೆಯದೆ ಬೆಕ್ಕಿಲ್ಲದ ಅಡುಗೆಮನೆಯನ್ನು ಹೊಕ್ಕರೂ ಸೋಂಕು ಅದರೊಡನೆಯೇ ಬರುವುದು.