ಕೋಡ್ ಬಂತೆಂದು ಪಂಪ್ ಬದಲಿಸಬೇಡಿ

ಕಳಂಬೋಲಿಯಲ್ಲಿ ಉಕ್ಕು ತುಂಬಿಕೊಂಡು ಬೆಳಗಾವಿ, ಹುಬ್ಬಳ್ಳಿ ಕಡೆಗೆ ಹೊರಟ ಲಾರಿ ಘಾಟ್ ಏರುವಾಗ ಒಮ್ಮೆಲೇ ಪಿಕಪ್ ಕಳೆದುಕೊಳ್ಳುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ. ಸ್ಕ್ಯಾನರ್ ಹಿಡಿದು ಬಂದ ಮೆಕ್ಯಾನಿಕ್ 'ರೈಲ್ ಪ್ರೆಶರ್ ಕಮ್ಮಿ, ಪಂಪ್ ಹೋಗಿದೆ' ಎನ್ನುತ್ತಾನೆ. ಪಂಪ್ ಬದಲಿಸಿದರೆ ಎಷ್ಟೋ ಟ್ರಿಪ್ಪುಗಳ ಲಾಭ ಅಲ್ಲಿಗೇ ಮುಗಿಯಿತು. ಅಷ್ಟಾದ ಮೇಲೂ ಮರುದಿನ ಅದೇ ಕೋಡ್ ಬಂದರೆ? ಸಾಲ ಮಾಡಿ ಒಂದೆರಡು ಲಾರಿ ಇಟ್ಟುಕೊಂಡಿರುವ ನಮ್ಮ ಬಾಂಧವರಿಗೆ ಇದು ಸಣ್ಣ ಪೆಟ್ಟಲ್ಲ.

ಹಿಂದೆ ಹೊಗೆಯ ಬಣ್ಣ, ಎಂಜಿನ್ ಸದ್ದು ಕೇಳಿಯೇ ಉಸ್ತಾದರು ದೋಷ ಹೇಳುತ್ತಿದ್ದರು. 2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಲಾರಿಯಲ್ಲಿ ಸೆನ್ಸರ್‌ಗಳು ಹೆಚ್ಚಿವೆ, ಕೋಡ್‌ಗಳೂ ಹೆಚ್ಚಿವೆ. ಅನೇಕ ಲಾರಿಗಳಲ್ಲಿ ಕೋಡ್‌ಗೆ ಎರಡು ಭಾಗ. ಎಸ್‌ಪಿಎನ್ ಸಂಖ್ಯೆ ದೂರು ಯಾವುದರ ಬಗ್ಗೆ ಎಂದು ಹೇಳಿದರೆ, ಎಫ್‌ಎಂಐ ಸಂಖ್ಯೆ ದೂರಿನ ಬಗೆಯನ್ನು ತಿಳಿಸುತ್ತದೆ.

ಎಸ್‌ಪಿಎನ್ 157, ಎಫ್‌ಎಂಐ 18 ಎಂದರೆ ರೈಲ್ ಒತ್ತಡ ಇರಬೇಕಾದುದಕ್ಕಿಂತ ಕಡಿಮೆ ಎಂದಷ್ಟೇ ಅರ್ಥ. ಡೀಸೆಲ್ ಫಿಲ್ಟರ್ ಕಟ್ಟಿಕೊಂಡರೂ, ಪೈಪಿನಲ್ಲಿ ಗಾಳಿ ಸೇರಿದರೂ, ಇಂಜೆಕ್ಟರ್ ಸೋರಿದರೂ ಅದೇ ಕೋಡ್ ಬರಬಹುದು. ಕೋಡ್ ದೂರು ಕೊಡುತ್ತದೆ, ಕಳ್ಳನನ್ನು ಹಿಡಿದು ಕೊಡುವುದಿಲ್ಲ.

ಎಸ್‌ಪಿಎನ್ 110 ಕೂಲೆಂಟ್ ಬಿಸಿಗೆ ಸಂಬಂಧಿಸಿದ್ದು. ಜೊತೆಗೆ ಎಫ್‌ಎಂಐ 3 ಅಥವಾ 4 ಇದ್ದರೆ ಅದು ವೋಲ್ಟೇಜ್ ದೋಷ. ಮೊದಲು ವೈರ್, ಕನೆಕ್ಟರ್, ಸೆನ್ಸರ್ ನೋಡಬೇಕು. ಎಫ್‌ಎಂಐ 0 ಇದ್ದರೆ ಎಂಜಿನ್ ನಿಜವಾಗಿಯೂ ಅತಿಯಾಗಿ ಕಾದಿದೆ ಎಂಬ ಎಚ್ಚರಿಕೆ. ಎಸ್‌ಪಿಎನ್ 100, ಎಫ್‌ಎಂಐ 1 ಎಂದರೆ ಆಯಿಲ್ ಒತ್ತಡ ಅಪಾಯದ ಮಟ್ಟಕ್ಕೆ ಇಳಿದಿದೆ. ಇಂಥ ಹೊತ್ತಿನಲ್ಲಿ 'ಮುಂದಿನ ಢಾಬಾದವರೆಗೆ ಹೋಗೋಣ' ಎನ್ನದೆ ಸುರಕ್ಷಿತ ಜಾಗದಲ್ಲಿ ತಕ್ಷಣ ಎಂಜಿನ್ ಬಂದ್ ಮಾಡಬೇಕು.

ಕೋಡ್ ಅಳಿಸುವ ಮುನ್ನ ಎಲ್ಲವನ್ನೂ ಬರೆದಿಟ್ಟುಕೊಳ್ಳಿ ಅಥವಾ ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ನಂತರ ಕಡಿಮೆ ಖರ್ಚಿನಿಂದ ಆರಂಭಿಸಿ: ಬ್ಯಾಟರಿ, ಅರ್ಥ್ ವೈರ್, ಫಿಲ್ಟರ್, ವಾಟರ್ ಸೆಪರೇಟರ್, ಕನೆಕ್ಟರ್. ಪಂಪ್, ಇಂಜೆಕ್ಟರ್ ಸರದಿ ಕೊನೆಗೆ. ಎಂಜಿನ್ ಓಡುತ್ತಿರುವಾಗ ಹೈ ಪ್ರೆಶರ್ ಪೈಪನ್ನು ಸಡಿಲಿಸಬೇಡಿ, ಸೋರಿಕೆಯನ್ನು ಕೈಯಿಂದ ಹುಡುಕಬೇಡಿ. ಸಾವಿರ ಬಾರ್‌ಗೂ ಮೀರಿದ ಒತ್ತಡದ ಡೀಸೆಲ್ ಚರ್ಮವನ್ನೇ ಸೀಳಿ ಒಳಹೊಗುತ್ತದೆ. ಯೂರಿಯಾ ದ್ರಾವಣಕ್ಕೆ ನೀರು ಬೆರೆಸುವುದೂ ಬೇಡ. ಅದರಲ್ಲಿ ಯೂರಿಯಾ 32.5 ಶೇಕಡಾ ಇರಬೇಕು. ತೆಳುವಾದರೆ ಕೋಡ್ ಬಂದು ಎಂಜಿನ್ ಶಕ್ತಿ ಕುಗ್ಗಬಹುದು.

ವಿದ್ಯಾರ್ಥಿ ವೇತನ, ವೈದ್ಯಕೀಯ ಶಿಬಿರ ನಡೆಸುವ ನಮ್ಮ ಸಂಘ-ಸಂಸ್ಥೆಗಳು ಒಂದು ಭಾನುವಾರ ಚಾಲಕ-ಮಾಲಕರಿಗಾಗಿ ಅನುಭವಿ ಮೆಕ್ಯಾನಿಕರಿಂದ ಕನ್ನಡದಲ್ಲೇ ಈ ಪಾಠ ಮಾಡಿಸಿದರೆ ಒಳ್ಳೆಯದು. ಕೋಡ್ ಓದಬಲ್ಲ ಚಾಲಕನಿಗೆ, ಗುರುತು ಪರಿಚಯವಿಲ್ಲದ ಊರಿನ ಗ್ಯಾರೇಜಿನಲ್ಲೂ 'ಮೊದಲು ಫಿಲ್ಟರ್ ನೋಡಿ' ಎನ್ನುವ ಧೈರ್ಯ ಬರುತ್ತದೆ.