ಅಂಬಾಸಿಡರ್ ಕಾರಿನ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಬದಲಾಯಿಸುವ ಕ್ರಮ



ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದರೂ ನಮ್ಮಲ್ಲಿ ಕೆಲವರ ಮನೆಯಲ್ಲಿ 1489 ಸಿ.ಸಿ. ಪೆಟ್ರೋಲ್ ಎಂಜಿನ್ನಿನ ಹಳೆಯ ಗಾಡಿ ಇನ್ನೂ ಇದೆ. ನನ್ನಲ್ಲೂ ಒಂದಿದೆ. ಕಳೆದ ಮಳೆಗಾಲದಲ್ಲಿ ನೆರೆಮನೆಯ ಅಜ್ಜಿಯನ್ನು ಆಸ್ಪತ್ರೆಯಿಂದ ಕರೆತರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ ವೇಗ ತಗ್ಗಿಸಿದೊಡನೆ ಅದು ಕೆಮ್ಮಿ ನಿಂತುಬಿಟ್ಟಿತು. ಅದಕ್ಕೆ ಮುಂಚೆ ಎರಡು ತಿಂಗಳು ದೋಷ ಕಾರ್ಬುರೇಟರಿನದೆಂದು ತಿಳಿದು ಅದನ್ನೇ ಎರಡು ಸಲ ಬಿಚ್ಚಿಸಿದ್ದೆ. ದೋಷವಿದ್ದದ್ದು ಮ್ಯಾನಿಫೋಲ್ಡ್ ಗ್ಯಾಸ್ಕೆಟಿನಲ್ಲಿ. ತಿಳಿಯುವ ವೇಳೆಗೆ ಒಂದು ಎಕ್ಸಾಸ್ಟ್ ವಾಲ್ವ್ ಸುಟ್ಟಿತ್ತು.

ಕೊಳೆ ಔಷಧಿ ಹೊಡೆಯುವ ಪಂಪನ್ನು ನೆನೆಯಿರಿ. ಹೀರುವ ಪೈಪಿನ ವಾಷರ್ ಸವೆದರೆ ಪಂಪು ಬೋರ್ಡೋ ದ್ರಾವಣದ ಬದಲು ಗಾಳಿ ಹೀರುತ್ತದೆ. ಇಲ್ಲಿಯೂ ಹಾಗೆಯೇ. ಹೊರಗಿನ ಗಾಳಿ ನುಸುಳಿದಾಗ ಪೆಟ್ರೋಲಿನ ಪ್ರಮಾಣ ಕಡಿಮೆಯಾಗಿ ಎಂಜಿನ್ ಕಾಯುತ್ತದೆ. ಥ್ರಾಟಲ್ ಮುಚ್ಚಿದಾಗ ಹೀರುವ ಸೆಳೆತ ಹೆಚ್ಚು. ಆದ್ದರಿಂದ ನಿಂತಲ್ಲಿ ಓಡುವಾಗಲೇ ತೊಂದರೆ ಎದ್ದು ಕಾಣುತ್ತದೆ. ಈ ಎಂಜಿನ್ನಿನಲ್ಲಿ ಒಳಹೀರುವ ದಾರಿಗಳು ಎರಡೇ: ಮುಂದಿನದು 1 ಮತ್ತು 2ನೇ ಸಿಲಿಂಡರಿಗೆ, ಹಿಂದಿನದು 3 ಮತ್ತು 4ಕ್ಕೆ. ಹೀಗಾಗಿ ಅಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೆ ಸೊರಗಿದರೆ ಗ್ಯಾಸ್ಕೆಟನ್ನು ಸಂಶಯಿಸಿರಿ.

ಪರೀಕ್ಷೆಗೆ ತಣ್ಣಗಿರುವ ಎಂಜಿನ್ನನ್ನು ಆಗತಾನೆ ಚಾಲೂ ಮಾಡಿ, ಒಳಹೀರುವ ಜೋಡಣೆಯ ಅಂಚಿಗೆ ಸಾಬೂನು ನೀರನ್ನು ಕುಂಚದಿಂದ ಸವರಿರಿ. ಓಟದ ಸದ್ದು ಬದಲಾದರೆ ಸೋರಿಕೆ ಅಲ್ಲಿಯೇ. ಪೆಟ್ರೋಲ್ ಚಿಮುಕಿಸಿ ನೋಡುವ ಅಭ್ಯಾಸ ಕೆಲವರಿಗಿದೆ. ಅದು ಬೆಂಕಿಗೆ ಆಹ್ವಾನ.

ಇನ್ನು ಕೆಲಸ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ಎಣ್ಣೆ ಬಿಡಿ. ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ ಬ್ಯಾಟರಿ ತಂತಿ ಬಿಚ್ಚಿರಿ. ಏರ್ ಕ್ಲೀನರ್, ಪೆಟ್ರೋಲ್ ಪೈಪು, ಚೋಕ್ ಮತ್ತು ಆಕ್ಸಿಲರೇಟರ್ ಜೋಡಣೆ, ಕಾರ್ಬುರೇಟರ್, ಸೈಲೆನ್ಸರ್ ಪೈಪಿನ ಕ್ಲಾಂಪ್—ಈ ಕ್ರಮದಲ್ಲಿ ತೆಗೆಯಿರಿ. ಬಳಿಕ ಮ್ಯಾನಿಫೋಲ್ಡ್ ನಟ್ಟುಗಳನ್ನು ಎರಡು ತುದಿಗಳಿಂದ ನಡುವಿಗೆ ಸಡಿಲಿಸಿರಿ. ದಪ್ಪ ವಾಷರುಗಳನ್ನು ಕಳೆಯಬೇಡಿ. ಒಳಹೀರುವ ಹಾಗೂ ಹೊಗೆ ಹೋಗುವ ಮ್ಯಾನಿಫೋಲ್ಡ್ ಎರಡನ್ನೂ ಒತ್ತಿಹಿಡಿಯುವುದು ಅವೇ.

ರಂಧ್ರಗಳಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟನ್ನು ನೀರಿನಿಂದ ನೆನೆಸಿ ಕೆರೆಯಿರಿ. ಹಳೆಯದರಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಕೇಡು. ಮುಖಗಳಿಗೆ ಉಕ್ಕಿನ ಪಟ್ಟಿ ಇಟ್ಟು ಡೊಂಕು ನೋಡಿರಿ. ಡೊಂಕಿದ್ದರೆ ಲೇತಿನವರಿಂದ ಮಟ್ಟ ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕುವುದು ದಂಡ.

ಎರಡು ಮ್ಯಾನಿಫೋಲ್ಡುಗಳನ್ನು ನಡುವೆ ಕೂಡಿಸುವ ಬೋಲ್ಟುಗಳನ್ನು ತುಸು ಸಡಿಲಿಸಿಟ್ಟುಕೊಳ್ಳಿ. ಎರಡೂ ಒಂದೇ ಮಟ್ಟದಲ್ಲಿ ಕೂರಲು ಇದು ಅಗತ್ಯ. ಬಟ್ಟೆ ತೆಗೆದದ್ದನ್ನು ಖಚಿತಪಡಿಸಿಕೊಂಡು, ಗ್ಯಾಸ್ಕೆಟನ್ನು ಅಂಟು ಬಳಿಯದೆ ಒಣದಾಗಿ ಕೂರಿಸಿರಿ. ನಟ್ಟುಗಳನ್ನು ಮೊದಲು ಬೆರಳಿನಿಂದ, ನಂತರ ನಡುವಿನಿಂದ ತುದಿಗಳ ಕಡೆಗೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಸುಮಾರು 15 ಪೌಂಡ್-ಅಡಿ ಸಾಕು; ಬಲ ಹೆಚ್ಚಾದರೆ ಹಿತ್ತಾಳೆ ನಟ್ಟಿನ ಮರೆ ಹೋಗುತ್ತದೆ. ಆಮೇಲೆ ನಡುವಿನ ಬೋಲ್ಟುಗಳನ್ನು ಬಿಗಿದು, ಬಿಚ್ಚಿದ್ದೆಲ್ಲವನ್ನೂ ಜೋಡಿಸಿರಿ.

ಎಂಜಿನ್ ಓಡಿಸಿ, ಪೂರ್ತಿ ತಣಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿರಿ. ಹೊಗೆಯ ಬದಿಯಲ್ಲಿ ಟಕ್ ಟಕ್ ಸದ್ದು ಬಂದರೆ ಅಲಕ್ಷಿಸಬೇಡಿ. ಆ ವಿಷಗಾಳಿ ಗಾಡಿಯೊಳಕ್ಕೆ ಬಂದರೆ ಜೀವಕ್ಕೇ ಅಪಾಯ. ಕೊನೆಗೆ ಕಾರ್ಬುರೇಟರ್ ಹೊಂದಾಣಿಕೆ. ಅದು ಯಾವಾಗಲೂ ಕೊನೆಗೇ, ಮೊದಲಲ್ಲ.

1817 ಸಿ.ಸಿ. ಐಸುಜು ಎಂಜಿನ್ನಿನ ಗಾಡಿಗಳ ರಚನೆ ಬೇರೆ. ಅವಕ್ಕೆ ಈ ಕ್ರಮ ಅನ್ವಯಿಸುವುದಿಲ್ಲ.

ಒಂದು ಗ್ಯಾಸ್ಕೆಟಿಗೆ ಮೊದಲೇ ಗಮನ ಕೊಟ್ಟಿದ್ದರೆ ನನ್ನ ವಾಲ್ವೂ ಉಳಿಯುತ್ತಿತ್ತು, ಆ ಅಜ್ಜಿ ಮಳೆಯಲ್ಲಿ ಎರಡು ಗಂಟೆ ಕಾಯುವುದೂ ತಪ್ಪುತ್ತಿತ್ತು. ಮಳೆ ಹಿಡಿಯುವ ಮುನ್ನ ಸದಸ್ಯರು ತಮ್ಮ ಗಾಡಿಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕೆಂದು ಕೋರುತ್ತೇನೆ.

— ಕಾರ್ಯದರ್ಶಿ